ಕಾರ್ಡಿನಲ್ಲಿ ಮಾವ

ಜೂನ್ 2, ಸೋಮವಾರ

ಬಟ್ಟೆ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯಲ್ಲಿ ಇಷ್ಟು ದಿನ ಬರೀ ಬ್ಲೌಸಿನ ಅಳತೆ ಬರೆದಿದ್ದೆ. ಇವತ್ತು ಆ ಹಾಳೆಗಳನ್ನು ದಾಟಿ ಮುಂದೆ ಬಂದಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು. ಅಮ್ಮನ ಹತ್ತಿರ ಹೇಳಿದರೆ ಅವಳು ನನಗಿಂತ ಮೊದಲು ಅಳುತ್ತಾಳೆ, ಆಮೇಲೆ ಅವಳನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತದೆ.

“ಏನ್ ಬರೀತಿದೀಯ ಪಾಪ?” ಅಂತ ಮಾವ ಜಗಲಿಯಿಂದಲೇ ಕೇಳಿದ.

“ಡೈರಿ.”

“ಆಲಾಕಿದ್ ಲೆಕ್ಕಾನಾ?”

ನಮ್ಮೂರಿನಲ್ಲಿ ಡೈರಿ ಅಂದರೆ ಹಾಲಿನ ಸಂಘ ಒಂದೇ. ಹೂಂ ಅಂದುಬಿಟ್ಟೆ.

ಹೋದ ವಾರ ಬಂಗಾರಪೇಟೆ ಮಂಡಿಯಲ್ಲಿ ಟೆಂಪೋದಿಂದ ಟೊಮೆಟೊ ಕ್ರೇಟು ಇಳಿಸುವಾಗ ಮಾವ ಎದೆ ಹಿಡಿದುಕೊಂಡು ಕೂತನಂತೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಇಸಿಜಿ ನೋಡಿ ತಕ್ಷಣ ಕೋಲಾರದ ರಸ್ತೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಇವತ್ತು ಅಲ್ಲಿ ಆಂಜಿಯೋಗ್ರಾಂ ಆಯಿತು. ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿದೆಯಂತೆ, ಬೈಪಾಸ್ ಆಪರೇಷನ್ ಆಗಲೇಬೇಕಂತೆ. “ತಡ ಮಾಡಬೇಡಿ” ಅಂತ ಡಾಕ್ಟರು ಬಾಗಿಲವರೆಗೆ ಬಂದು ಮತ್ತೊಮ್ಮೆ ಹೇಳಿದರು. ಡಾಕ್ಟರುಗಳು ಬಾಗಿಲವರೆಗೆ ಬರುವುದು ಒಳ್ಳೆಯದಕ್ಕಲ್ಲ.

ನಮ್ಮಿಂದ ಆಗುವ ಖರ್ಚಲ್ಲ ಅದು. ಆದರೆ ಹೊಸ ಕಾರ್ಡಿದೆ. ಬಡವರಿಗೆ ಮಾತ್ರ ಇದ್ದ ಸರ್ಕಾರದ ಆರೋಗ್ಯ ವಿಮೆಯನ್ನು ಈ ವರ್ಷ ಸಂಘಕ್ಕೆ ಹಾಲು ಹಾಕುವವರಿಗೂ ವಿಸ್ತರಿಸಿದ್ದಾರೆ, ನಡೆಸುವುದು ಮಾತ್ರ ಒಂದು ಖಾಸಗಿ ವಿಮಾ ಕಂಪನಿ. ಟೆಂಪೋ ತೆಗೆದುಕೊಂಡ ತಪ್ಪಿಗೆ ನಮ್ಮ ಬಿ.ಪಿ.ಎಲ್. ಕಾರ್ಡು ಹೋಗಿತ್ತು. ಅದಕ್ಕೇ ಈ ಕಾರ್ಡು ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಇಟ್ಟು ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ನಮ್ಮದು ಮಹಿಳಾ ಸಂಘ, ಸದಸ್ಯೆ ನಾನು. ಹಾಗಾಗಿ ಕಾರ್ಡು ನನ್ನ ಹೆಸರಿನದು, ಮಾವ ನನ್ನ ಕೆಳಗೆ.

“ಅಂಗಾದ್ರೆ ನಿನ್ ಕಾರ್ಡಲ್ಲಿ ನಾನ್ ರಿಪೇರಿಗೋಗ್ಬೇಕು ಅನ್ನು,” ಅಂತ ನಕ್ಕ. ನನಗೆ ನಗು ಬರಲಿಲ್ಲ. ಹೆದರಿಕೆಯಾಗಿದೆ.

ಜೂನ್ 5, ಗುರುವಾರ

ಆಸ್ಪತ್ರೆಯಲ್ಲಿ ವಿಮೆಯ ಕಾರ್ಡು ನೋಡುವ ಹುಡುಗಿ ಕವಿತ. ಊರಿಗಾಂ ಗಣಿ ಕಡೆಯವಳು, ಮನೆಮಾತು ತಮಿಳು, ಕನ್ನಡವನ್ನು ನನಗಿಂತ ಜೋರಾಗಿ ಮಾತಾಡುತ್ತಾಳೆ. ಕಂಪ್ಯೂಟರ್ ನೋಡಿ ಅವಳ ಹುಬ್ಬು ಮೇಲೆ ಹೋಯಿತು.

“ಏನಕ್ಕಾ ಇದು? ನಾಗೇಶ್ ಅನ್ನೋರು ನಿಮ್ಗೆ ಏನಾಗ್ಬೇಕು?”

“ಮಾವ.”

“ಅದೇ ಬರೆದೈತೆ. ಮಾವ ಅಂದ್ರೆ ಗಂಡನ ಅಪ್ಪ ಅಂತ ಕಂಪನಿಯೋರು ತಿಳ್ಕೊಂಡವ್ರೆ. ಐವತ್ಮೂರು ವರ್ಷದ ಮಾವ, ನಲವತ್ತೊಂದು ವರ್ಷದ ಸೊಸೆ. ಗಂಡನ ಹೆಸ್ರೇ ಇಲ್ಲ!”

ಆಗ ನೆನಪಾಯಿತು. ಏಪ್ರಿಲಿನಲ್ಲಿ ಸಂಘದಲ್ಲಿ ಹೆಸರು ಬರೆಸುವಾಗ, ಕಂಪನಿ ಕಳಿಸಿದ್ದ ಹುಡುಗ ಹಾಲು ಅಳೆಯುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇದೇ ಪ್ರಶ್ನೆ ಕೇಳಿದ್ದ. ನಾನು ಇದೇ ಉತ್ತರ ಕೊಟ್ಟಿದ್ದೆ. ಸೆಕ್ರೆಟರಿ ರಾಮಚಂದ್ರಪ್ಪನವರೂ ಪಕ್ಕದಲ್ಲೇ ಇದ್ದರು. ಅವರಿಗೂ ತಪ್ಪು ಕಾಣಲಿಲ್ಲ. ಊರೆಲ್ಲ ಅವನನ್ನು ‘ನಿಮ್ಮಾವ’ ಅಂತಲೇ ಕರೆಯುವಾಗ ಯಾರಿಗೆ ತಾನೇ ಕಾಣಬೇಕು?

ಮಾವ ಅಂದರೆ ನನ್ನ ಗಂಡ. ಮಾವ ಅಂದರೆ ನನ್ನ ಅಮ್ಮನ ಕೊನೆಯ ತಮ್ಮ. ಎರಡೂ ನಿಜ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಎತ್ತಿಕೊಂಡು ತವರಿಗೆ ಬಂದಳು, ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ, ದೊಡ್ಡವಳಾದ ಮೇಲೆ ಅವನಿಗೇ ಕೊಟ್ಟು ಮದುವೆ ಮಾಡಿದರು. ಅಕ್ಕನ ಮಗಳನ್ನು ತರುವುದು ನಮ್ಮ ಕಡೆ ಯಾರಿಗೂ ವಿಶೇಷವಲ್ಲ. ಅಜ್ಜಿಗೆ ಹೊಲ ಹೊರಗೆ ಹೋಗಬಾರದಿತ್ತು, ಅಮ್ಮನಿಗೆ ನಾನು ಹೊರಗೆ ಹೋಗಬಾರದಿತ್ತು. ನನಗೆ ಮಾವನೇ ಬೇಕಾಗಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕವಿತ ಜೋರಾಗಿ ನಕ್ಕಳು. “ಅಯ್ಯೋ, ನಮ್ಮ ಜನದಲ್ಲೂ ಮಾಮನ್ನೇ ಕಟ್ಟೋದಕ್ಕಾ. ಕಂಪನಿಯಿಂದ ಫೋನ್ ಬತ್ತದೆ. ಗಂಡ ಅಂತ ಏಳಿ, ಸರಿ ಮಾಡ್ತಾರೆ.”

ಇಷ್ಟೇ ತಾನೇ ಅಂದುಕೊಂಡು ಬಂದೆ. ಬಸ್ಸಿನಲ್ಲಿ ಮಾವ ಕಿಟಕಿ ಪಕ್ಕ ನಿದ್ದೆ ಹೋದ. ಅಮ್ಮ ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ನಾನು ಹಿಂದಿನ ಸೀಟಿನಲ್ಲಿದ್ದೆ.

ಜೂನ್ 10, ಮಂಗಳವಾರ

ಫೋನ್ ಬಂತು. ಹಾಳಾದ್ದು, ಬಂತು.

ನಾನು ಹುಲ್ಲಿನ ಹೊರೆ ಇಳಿಸುತ್ತಿದ್ದೆ. ಯಾವುದೋ ದೂರದ ಊರಿನ ಹುಡುಗ, ಪಾಠದ ಪುಸ್ತಕದ ಕನ್ನಡ. “ಶ್ರೀ ನಾಗೇಶ್ ಅವರು ತಮಗೆ ಮಾವ ಎಂದು ನಮೂದಾಗಿದೆ. ಅವರು ತಮ್ಮ ಪತಿಯ ತಂದೆಯವರೇ?”

“ಅಲ್ಲಪ್ಪ, ಎಲ್ಲಾದ್ರೂ ಉಂಟಾ!”

“ಹಾಗಾದರೆ ಯಾವ ಮಾವ ಎಂದು ದಯವಿಟ್ಟು ತಿಳಿಸಿ.”

“ನಮ್ಮಮ್ಮನ ಸ್ವಂತ ತಮ್ಮ.”

“ಸೋದರಮಾವ. ಧನ್ಯವಾದ. ಸೋದರಮಾವ ಈ ಯೋಜನೆಯ ಕುಟುಂಬದಲ್ಲಿ ಬರುವುದಿಲ್ಲ.” ಅಷ್ಟು ಹೇಳಿ ಇಟ್ಟುಬಿಟ್ಟ. ಇಟ್ಟ ಮೇಲೆ ನಾನು “ಗಂಡ ಕಣಪ್ಪಾ” ಅಂದೆ. ಕೇಳಿಸಿಕೊಂಡದ್ದು ಹಸು ಮಾತ್ರ.

ಅವನು ಕೇಳಿದ್ದಕ್ಕೆ ನಾನು ಸತ್ಯವನ್ನೇ ಹೇಳಿದೆ. ಆದರೆ ಆ ಇನ್ನೊಂದು ಸತ್ಯ ಯಾಕೆ ಮೊದಲು ಬಾಯಿಗೆ ಬರಲಿಲ್ಲ? ಯೋಚಿಸಿ ನೋಡಿದರೆ, ಗಂಡ ಅನ್ನುವ ಮಾತನ್ನು ಮಾವನ ಬಗ್ಗೆ ಯಾವತ್ತೂ ನಾನು ಆಡಿಯೇ ಇಲ್ಲ. ಬೇರೆ ಹೆಣ್ಣುಮಕ್ಕಳು ‘ನಮ್ಮವರು’, ‘ನಮ್ಮ ಯಜಮಾನರು’ ಅನ್ನುವಾಗ ಹೊಟ್ಟೆ ಉರಿಯುತ್ತದೆ. ಅವರೆಲ್ಲ ಮದುವೆಯಾಗಿ ಇನ್ನೊಂದು ಊರಿಗೆ ಹೋದರು, ಹೊಸ ಮನೆ ಹೊಕ್ಕರು. ನಾನು ಮದುವೆಯಾಗಿ ಹೋದದ್ದು ನಡುಮನೆಯಿಂದ ಒಳಗಿನ ಕೋಣೆಗೆ.

ಜೂನ್ 11, ಬುಧವಾರ

ಕವಿತ ಫೋನಿನಲ್ಲಿ ಬೈದಳು. ಬೈಯಲಿ. ಆಮೇಲೆ ದಾರಿಯನ್ನೂ ಹೇಳಿದಳು: ರೇಷನ್ ಕಾರ್ಡಿನಲ್ಲಿ ಗಂಡ ಹೆಂಡತಿ ಅಂತ ಇರುತ್ತದಲ್ಲ, ಅದನ್ನು ಕಳಿಸಿ.

ತೆಗೆದು ನೋಡಿದೆ. ಮನೆಯ ಯಜಮಾನಿ ಅನಸೂಯಮ್ಮ, ಅಂದರೆ ಅಮ್ಮ. ನಾಗೇಶ್: ತಮ್ಮ. ತ್ರಿವೇಣಿ: ಮಗಳು. ಆಧಾರಿನಲ್ಲಿ ನನ್ನ ಹೆಸರಿನ ಕೆಳಗೆ ಇನ್ನೂ ಅಪ್ಪನ ಹೆಸರೇ ಇದೆ. ಮನೆ ಬದಲಾಗದಿದ್ದರೆ ವಿಳಾಸ ಬದಲಾಯಿಸಲು ಯಾರು ಹೋಗುತ್ತಾರೆ? ಮಗು ಇದ್ದಿದ್ದರೆ ಅದರ ಜನನ ಪತ್ರದಲ್ಲಾದರೂ ನಾವಿಬ್ಬರೂ ಒಟ್ಟಿಗೆ ಇರುತ್ತಿದ್ದೆವು. ಎರಡು ಸಲ ಬಸಿರು ನಿಂತಿತು, ಎರಡು ಸಲವೂ ಉಳಿಯಲಿಲ್ಲ. ಎರಡನೆಯದು ಹೋದ ಮೇಲೆ ಮಾವ ತನ್ನ ಚಾಪೆ ಮತ್ತು ಪೆಟ್ಟಿಗೆಯನ್ನು ಜಗಲಿಗೆ ಸಾಗಿಸಿದ. ಹಸು ಕಾಯಬೇಕು ಅಂದ. ಇವತ್ತಿಗೂ ಅಲ್ಲೇ ಮಲಗುತ್ತಾನೆ. ಒಂದೇ ಒಂದು ಗೋಡೆ ಅಡ್ಡ. ಅವನು ಕೆಮ್ಮಿದರೆ ಕೇಳಿಸುತ್ತದೆ, ಮಗ್ಗುಲಾದರೂ ಕೇಳಿಸುತ್ತದೆ.

ಜೂನ್ 16, ಸೋಮವಾರ

ಕವಿತ ಬರೆದುಕೊಟ್ಟ ಅರ್ಜಿಯಿಂದಾಗಿ ಕಂಪನಿಯವರು ಇವತ್ತು ಮಾವನಿಗೇ ಫೋನ್ ಮಾಡಿದರು. ಮಾವನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. ನಾನು ಒಳಗೆ ಹೊಲಿಗೆ ಮಿಷನ್ ತುಳಿಯುವುದನ್ನು ನಿಲ್ಲಿಸಿದೆ.

“ತ್ರಿವೇಣಿ ಎನ್ನುವವರು ನಿಮಗೆ ಏನಾಗಬೇಕು?”

“ನಮ್ಮಕ್ಕನ ಮಗ್ಳು ಸಾ,” ಅಂದ ಮಾವ.

ಒಂದು ಗಳಿಗೆಯೂ ಯೋಚಿಸಲಿಲ್ಲ. ಊರು ಯಾವುದು ಅಂತ ಕೇಳಿದರೆ ಹೇಳುತ್ತಾರಲ್ಲ, ಹಾಗೆ ಹೇಳಿದ.

ಆಮೇಲೆ ಒಳಗೆ ಇಣುಕಿ, “ಸರಿಯಾಗೇ ಏಳ್ದೆ ತಾನೆ ಪಾಪ?” ಅಂದ. ನಾನು ತಲೆ ಎತ್ತಲಿಲ್ಲ. ತೋಳನ್ನು ಉಲ್ಟಾ ಹೊಲಿದುಬಿಟ್ಟಿದ್ದೆ, ಎಲ್ಲ ಬಿಚ್ಚಬೇಕಾಯಿತು.

ಜೂನ್ 17, ಮಂಗಳವಾರ

ಮಾವನ ಜೊತೆ ಮಾತಾಡಲಿಲ್ಲ. ಅಮ್ಮನೇ ಅವನಿಗೆ ಮುದ್ದೆ ಇಟ್ಟಳು.

ಜೂನ್ 24, ಮಂಗಳವಾರ

ಕಂಪನಿಯಿಂದ ಮನೆ ನೋಡಲು ಮುನೀಂದ್ರ ಅನ್ನುವವರು ಬಂದಿದ್ದರು. ಬೇರೆ ಬೇರೆ ಊರುಗಳಲ್ಲಿ ಜನ ಭಾವನನ್ನು ಗಂಡ, ನಾದಿನಿಯನ್ನು ಹೆಂಡತಿ ಅಂತ ಬರೆಸಿದ್ದಾರಂತೆ. ಹಾಗಾಗಿ ಅನುಮಾನ ಬಂದ ಮನೆಗೆಲ್ಲ ಇವರನ್ನು ಕಳಿಸುತ್ತಾರಂತೆ. ಕೆಟ್ಟ ಮನುಷ್ಯನಲ್ಲ. ಮಜ್ಜಿಗೆ ಕೊಟ್ಟರೆ ಕುಡಿದರು. ಚಪ್ಪಲಿ ಆಚೆ ಬಿಟ್ಟು ಒಳಗೆ ಬಂದರು.

ಪಕ್ಕದ ಮನೆ ಶ್ಯಾಮಲ, “ಗಂಡ ಎಂಡ್ತೀನೇ ಕಣ್ ಸಾರ್, ಅಕ್ಕನ್ ಮಗಳ್ನ ಮಾಡ್ಕಂಡವ್ರೆ, ನಾನೇ ಅವತ್ತು ಅನ್ನ ಬಡ್ಸಿದ್ದು” ಅಂತ ಸಾಕ್ಷಿ ಹೇಳಿದಳು. ಅದನ್ನು ಬರೆದುಕೊಂಡರು. ಆದರೆ ಜಗಲಿಯಲ್ಲಿ ಅವರ ಕಣ್ಣು ಚಾಪೆಯ ಮೇಲೆ ಬಿತ್ತು. ಪೆಟ್ಟಿಗೆ, ಗೂಟಕ್ಕೆ ನೇತುಹಾಕಿದ ಅಂಗಿ, ಗೋಡೆಯ ಗೂಡಿನಲ್ಲಿ ಶೇವಿಂಗ್ ಸೆಟ್ಟು, ಕುಡಿಯುವ ನೀರಿನ ಚೊಂಬು.

“ಇಲ್ಲಿ ಯಾರು ಮಲಗೋದಮ್ಮ?”

“ನನ್ ತಮ್ಮ,” ಅಂದಳು ಅಮ್ಮ. “ಅಸು ಕಾಯೋಕೆ.”

“ದಿನಾಲೂ?”

ಅಮ್ಮ ನನ್ನ ಮುಖ ನೋಡಿದಳು. ಮಾವ ಅಂಗಳದ ಬೇವಿನ ಮರ ನೋಡಿದ. ನಾನೇ “ದಿನಾಲೂ” ಅಂದೆ. ಅವರು ಒಳಗಿನ ಕೋಣೆಗೂ ಒಮ್ಮೆ ಕಣ್ಣು ಹಾಯಿಸಿದರು. ಒಂದೇ ದಿಂಬು. ಆ ಮನುಷ್ಯನಿಗೇ ಮುಜುಗರವಾಯಿತು, ಪೆನ್ನಿನ ಮುಚ್ಚಳ ಹಾಕಿ, “ತಪ್ಪು ತಿಳ್ಕೊಬೇಡಿ, ನೋಡಿದ್ದನ್ನ ಬರೀಬೇಕು” ಅಂದರು.

ಬರೆಯಲಿ. ಇಷ್ಟು ವರ್ಷ ನಾನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದನ್ನು ಈಗ ಕಂಪನಿಯ ಕಂಪ್ಯೂಟರ್ ಓದುತ್ತದೆ.

ಜೂನ್ 25, ಬುಧವಾರ

ಮಧ್ಯಾಹ್ನ ಅಮ್ಮ ಸಂಘಕ್ಕೆ ಹೋಗಿದ್ದಳು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಮಾವ ಬಂದು ಗೋದಲಿಯ ಕಟ್ಟೆಯ ಮೇಲೆ ಕೂತ.

“ಬುಟ್ಬುಡು ಪಾಪ. ಆಪರೇಸನ್ನೂ ಬ್ಯಾಡ, ಏನೂ ಬ್ಯಾಡ. ನಾನ್ ಚೆನ್ನಾಗೇ ಇದೀನಿ. ಸುಮ್ನೆ ನಿಂಗೆ ಅವಮಾನ.”

ಪೊರಕೆ ಬಿಸಾಕಿದೆ. “ಯಾಕ್ ಮಾವ ಅಂಗಂದೆ ಫೋನ್ನಲ್ಲಿ?”

“ಏನಂದೆ?”

“ಅಕ್ಕನ ಮಗ್ಳು ಅಂತ.”

“ಅಲ್ವಾ ಮತ್ತೆ?”

“ಅಷ್ಟೇನಾ?”

ಮಾವ ಹಸುವಿನ ಕಿವಿಯಿಂದ ಉಣ್ಣೆಹುಳ ಕಿತ್ತ, ಇನ್ನೊಂದು ಕಿತ್ತ. ಆಮೇಲೆ ಅದಕ್ಕೇ ಹೇಳುವವನ ಹಾಗೆ ಹೇಳಿದ:

“ಎಲ್ಡ್ ಸಲಾನೂ ಆಸ್ಪತ್ರೇಲಿ ನಿನ್ ಮಖ ನೋಡಿದ್ನಲ್ಲ. ಬಿಳೀ ಬಟ್ಟೆ ಇದ್ದಂಗಿತ್ತು. ಒಂದೇ ರಕ್ತ, ಅದಕ್ಕೇ ಇಂಗಾಯ್ತು ಅಂದ್ರು ಡಾಕ್ಟ್ರು. ನಾನ್ ಬರೀ ಮಾವನಾಗೇ ಇದ್ದಿದ್ರೆ ಆ ನೋವೆಲ್ಲ ನಿಂಗೆ ಇರ್ತಿರ್ಲಿಲ್ಲ. ಮೂರ್ನೇ ಸಲ ನೋಡೋ ಸಕ್ತಿ ನಂಗಿರ್ಲಿಲ್ಲ ಪಾಪ. ಅದಕ್ಕೇ ಆಚೆ ಮಲ್ಕಂಡೆ.”

“ನನ್ನ ಕೇಳಿದ್ಯಾ?”

“ಇಲ್ಲ.”

“ಕೇಳ್ಬೇಕಿತ್ತು ಮಾವ.”

ಇಷ್ಟು ವರ್ಷ ನಾನು ತಿಳಿದದ್ದೇ ಬೇರೆ. ನನ್ನ ಮೇಲೆ ಆಸೆ ಹೋಯಿತು ಅಂದುಕೊಂಡಿದ್ದೆ. ಮೊದಲಿಂದ ಇರಲೇ ಇಲ್ಲವೇನೋ, ಅಜ್ಜಿಯ ಮಾತಿಗೆ ಕಟ್ಟಿಕೊಂಡನೇನೋ ಅಂತಲೂ ಅಂದುಕೊಂಡಿದ್ದೆ. ಹಬ್ಬಕ್ಕೆ ಹೊಸ ಸೀರೆ ಉಟ್ಟು ಜಗಲಿಯ ಮುಂದೆ ಸುಮ್ಮನೆ ಎರಡು ಸಲ ಓಡಾಡುತ್ತಿದ್ದೆ, ಅವನು ಟೆಂಪೋ ಒರೆಸುತ್ತಿದ್ದ. ಅವನಿಗೆ ಭಯ ಇತ್ತಂತೆ. ಭಯ! ಸಿಟ್ಟು ಬರುತ್ತಿದೆ, ಅಳುವೂ ಬರುತ್ತಿದೆ. ಇವನಿಗೆ ಏನಾದರೂ ಆದರೆ ಇಷ್ಟು ವರ್ಷ ಕಾದದ್ದನ್ನೆಲ್ಲ ನಾನು ಎಲ್ಲಿಗೆ ತೆಗೆದುಕೊಂಡು ಹೋಗಲಿ?

ಆಪರೇಷನ್ ಆಗಲೇಬೇಕು. ಬಿಡುವುದಿಲ್ಲ.

ಜುಲೈ 3, ಗುರುವಾರ

ಕವಿತ ಹೇಳಿದ ಹಾಗೆ ಬಂಗಾರಪೇಟೆಯಲ್ಲಿ ಮದುವೆ ನೋಂದಣಿ ಮಾಡಿಸಿದೆವು. ಸಾಕ್ಷಿಗೆ ರಾಮಚಂದ್ರಪ್ಪನವರು, ಶ್ಯಾಮಲ, ಅಮ್ಮ.

ಲಗ್ನಪತ್ರಿಕೆ ಕೊಡಿ ಅಂದರು. ನಮ್ಮ ಮದುವೆಗೆ ಲಗ್ನಪತ್ರಿಕೆಯನ್ನೇ ಹೊಡೆಸಿರಲಿಲ್ಲ, ಒಂದೇ ಮನೆಯವರು ಯಾರು ಯಾರನ್ನು ಕರೆಯುವುದು?

“ಗಂಡಿನ ಕಡೆ ಹಿರಿಯರು ಯಾರು?” ಅಂತ ಅಲ್ಲಿಯ ಗುಮಾಸ್ತರು ಕೇಳಿದರು.

“ನಾನೇ,” ಅಂದಳು ಅಮ್ಮ.

“ಹೆಣ್ಣಿನ ಕಡೆ?”

“ಅದೂ ನಾನೇ ಸಾಮಿ.”

ಆಫೀಸಿಗೆ ಆಫೀಸೇ ನಕ್ಕಿತು. ನಮ್ಮಲ್ಲಿ ಈ ಸಂಬಂಧ ರೂಢಿ ಅಂತ ಮೂವರು ಸಾಕ್ಷಿಗಳೂ ಬರೆಸಿ ಸಹಿ ಹಾಕಿದರು. ಅಮ್ಮನದು ಹೆಬ್ಬೆಟ್ಟು.

ಫೋಟೋ ತೆಗೆಯುವಾಗ “ಹತ್ತಿರ ಕೂತ್ಕೊಳ್ಳಿ, ಇನ್ನೂ ಹತ್ತಿರ” ಅಂದರು. ಮಾವನ ಭುಜ ನನ್ನ ಭುಜಕ್ಕೆ ತಾಗಿತು. ಅವನಿಗೆ ಏದುಸಿರು, ಮೆಟ್ಟಿಲು ಹತ್ತಿದ್ದಕ್ಕೆ. ಬೆವರಿನ ಜೊತೆ ಅವನ ಅಂಗಿಗೆ ಒಗೆಯುವಾಗ ಹಾಕಿದ ನೀಲಿಯ ವಾಸನೆ. ಕ್ಯಾಮೆರಾ ಸರಿಯಿಲ್ಲ ಅಂತ ಫೋಟೋ ತೆಗೆಯುವವನು ಏನೋ ತಡಕಾಡುತ್ತಿದ್ದ. ಸರಿಯಾಗುವುದೇ ಬೇಡ ಅಂತಿತ್ತು ನನಗೆ.

“ಯಾವ್ದು ಈ ಸೀರೆ? ಚೆನ್ನಾಗೈತೆ,” ಅಂತ ಮಾವ ಪಿಸುಗುಟ್ಟಿದ.

“ಮದ್ವೆ ಸೀರೆ ಕಣ್ ಮಾವ.”

“ಔದಾ? ಅವತ್ತು ನಾನ್ ನೋಡ್ಲೇ ಇಲ್ಲ ಬುಡು. ನಾಚ್ಕೆ.”

ಬರುವಾಗ ಸ್ಟೇಷನ್ ಹತ್ತಿರ ಅವನೇ ಹೂವು ಕೊಂಡು, ಯಾರ ಕೈಗೆ ಕೊಡಬೇಕು ಅಂತ ತಿಳಿಯದೆ ಅಮ್ಮನಿಗೊಂದು ಮೊಳ, ನನಗೊಂದು ಮೊಳ, ಶ್ಯಾಮಲನಿಗೂ ಒಂದು ಮೊಳ ಕೊಡಿಸಿದ. ದಡ್ಡ.

ಜುಲೈ 9, ಬುಧವಾರ

ಗಂಟಲು ಕಟ್ಟಿದೆ. ಉಪ್ಪುನೀರು ಮುಕ್ಕಳಿಸಿ ಕೂತಿದ್ದೇನೆ.

ಸರ್ಟಿಫಿಕೇಟು ಹಿಡಿದು ರಾಬರ್ಟ್‌ಸನ್‌ಪೇಟೆಯ ಕಂಪನಿ ಆಫೀಸಿಗೆ ಹೋಗಿದ್ದೆ. ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಬೆಂಚು ತುಂಬ ಜನ, ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ. ಕನ್ನಡಕದ ಆಫೀಸರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ, “ಇದು ಜುಲೈ ತಿಂಗಳಲ್ಲಿ ಕೊಟ್ಟಿದ್ದು. ನೀವು ಕಾರ್ಡು ಮಾಡಿಸಿದ್ದು ಏಪ್ರಿಲ್. ಏಪ್ರಿಲ್‌ನಲ್ಲಿ ಇವರು ನಿಮ್ಮ ಗಂಡ ಆಗಿದ್ದರು ಅನ್ನೋದಕ್ಕೆ ಏನಿದೆ?” ಅಂದರು.

“ಮದ್ವೆ ಆದ ತಾರೀಕು ಅದ್ರಲ್ಲೇ ಐತಲ್ಲ ಸಾರ್.”

“ಅದು ನೀವೇ ಹೇಳಿದ್ದಲ್ವಾ. ಫೀಲ್ಡ್ ರಿಪೋರ್ಟಲ್ಲಿ ಬೇರೆ ಬೇರೆ ವಾಸ ಅಂತಿದೆ. ನೀವೇ ಫೋನಲ್ಲಿ ಸೋದರಮಾವ ಅಂದಿದೀರ. ಅವರೂ ಅಕ್ಕನ ಮಗಳು ಅಂದಿದಾರೆ. ನಮಗೆ ಹೆಂಗಮ್ಮ ಗೊತ್ತಾಗ್ಬೇಕು?”

ಅಲ್ಲಿಂದ ಮುಂದೆ ನಾನು ಏನೇನು ಅಂದೆ ಅನ್ನುವುದು ಪೂರ್ತಿ ನೆನಪಿಲ್ಲ. ಎದ್ದು ನಿಂತಿದ್ದೆ. “ಅವ್ರು ನನ್ ಗಂಡ ಕಣ್ರೀ! ಆಚೆ ಮಲ್ಗಿದ್ರೂ ನನ್ ಗಂಡ, ಒಳಗ್ ಮಲ್ಗಿದ್ರೂ ನನ್ ಗಂಡ. ಏಪ್ರಿಲ್ಲಲ್ಲೂ ನನ್ ಗಂಡ. ಮಾವ ಅಂದ್ರೂ ಗಂಡಾನೇ. ನನ್ ಗಂಡ ಉಳೀಬೇಕು ನಂಗೆ, ನಿಮ್ ಕಂಪ್ಯೂಟ್ರು ಏನಾದ್ರೂ ಅಂದ್ಕೊಳ್ಲಿ!” ಅಂತೇನೋ ಕೂಗಿದೆ. ಕೆಳಗೆ ಚಪ್ಪಲಿ ಅಂಗಡಿಯವರೂ ಮೆಟ್ಟಿಲ ಹತ್ತಿರ ಬಂದು ನಿಂತಿದ್ದರು.

ಬೆಂಚಿನಲ್ಲಿ ಚಾಂಪಿಯನ್ ರೀಫ್ಸ್‌ನ ಕುಪ್ಪುಸ್ವಾಮಿ ಅನ್ನುವ ಹಿರಿಯರಿದ್ದರು. ಗಣಿಯಲ್ಲಿ ದುಡಿದವರಂತೆ, ಮಾತಿಗೊಮ್ಮೆ ಕೆಮ್ಮು. ಅವರೂ ಎದ್ದರು. “ಎನ್ನಾ ಸಾರ್, ನಮ್ಮ ಲೈನ್ ಮನೆಗಳಲ್ಲಿ ಅರ್ಧ ಜನ ಮಾಮನ್ನೇ ಕಟ್ಕೊಂಡಿರೋದು. ನಮ್ಮ ಎಂಡ್ತಿನೂ ನನ್ನ ಮಾಮಾ ಅಂತಾನೇ ಕರೀತಾಳೆ. ನೀವು ಬಂದು ನಮ್ದೂ ಕ್ಯಾನ್ಸಲ್ ಮಾಡ್ಬುಡ್ತೀರಾ?” ಅಂದರು. ಹಿಂದಿನಿಂದ ಇನ್ನಿಬ್ಬರು ಹೆಂಗಸರು, ಒಬ್ಬಳು ತೆಲುಗಿನಲ್ಲಿ, ಒಬ್ಬಳು ತಮಿಳಿನಲ್ಲಿ, ತಮ್ಮದೂ ಅದೇ ಅಂದರು.

ಆಫೀಸರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರಿಗೋ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ ಮಾತಾಡುತ್ತಾ ನಡುನಡುವೆ ‘ಮಾವ, ಮಾವ’ ಅನ್ನುತ್ತಿದ್ದರು. ಮೇಲಿನವರಿಗೆ ಕಳಿಸುತ್ತೇವೆ, ಕಾಯಿರಿ ಅಂದರು.

ಕೂಗಾಡಿದ ಗಲಾಟೆಯಲ್ಲಿ ನನ್ನ ಕೊಡೆಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಒಳ್ಳೆಯ ಕೊಡೆ. ಅದೊಂದು ಬೇಜಾರು.

ಜುಲೈ 12, ಶನಿವಾರ

ಬೆಳಿಗ್ಗೆ ಮಾವನಿಗೆ ಮತ್ತೆ ಎದೆನೋವು ಬಂತು. ನಾಲಿಗೆ ಕೆಳಗೆ ಮಾತ್ರೆ ಇಟ್ಟೆ. ಹಣೆ ತಣ್ಣಗಾಗಿತ್ತು. ಆಮೇಲೆ ಸರಿಹೋಯಿತು.

ಚಾಪೆ, ಪೆಟ್ಟಿಗೆ, ಚೊಂಬು ಎಲ್ಲ ಒಳಗಿನ ಕೋಣೆಗೆ ತಂದುಹಾಕಿದೆ. ಯಾರನ್ನೂ ಕೇಳಲಿಲ್ಲ. ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು, “ಅಸು?” ಅಂದರು. ಹಸುವನ್ನು ಅಮ್ಮ ನೋಡಿಕೊಳ್ಳುತ್ತಾಳೆ ಅಂದೆ. ಅಮ್ಮ ಹೋಗಿ ಕೊಟ್ಟಿಗೆಯ ಅಗುಳಿ ಹಾಕಿದಳು.

ಜುಲೈ 15, ಮಂಗಳವಾರ

ಒಪ್ಪಿದರು! ಮೊಬೈಲಿಗೆ ಮೆಸೇಜು ಬಂತು. ಇಂಗ್ಲಿಷಿನಲ್ಲಿತ್ತು, ಕವಿತನಿಗೆ ಕಳಿಸಿ ಓದಿಸಿದೆ, ಅವಳು ಫೋನಿನಲ್ಲೇ ಕಿರುಚಿದಳು. ಕಾರ್ಡನ್ನೂ ತಿದ್ದಿದ್ದಾರಂತೆ. ಶ್ಯಾಮಲನ ಮನೆಗೆ ಸಕ್ಕರೆ ತೆಗೆದುಕೊಂಡು ಹೋಗಿ, “ನಮ್ಮವರಿಗೆ ಆಪರೇಷನ್ ಪಾಸಾಯ್ತು” ಅಂದೆ. ಅವಳು ಯಾಕೋ ನನ್ನನ್ನೇ ನೋಡಿ ನಗುತ್ತಿದ್ದಳು.

ನಮ್ಮವರಿಗೆ ಪಾಸಾಗುವವರೆಗೆ ಧೈರ್ಯ ಇತ್ತು, ಈಗ ಎದೆ ಕೊಯ್ಯುತ್ತಾರಲ್ಲ ಅನ್ನುವುದು ನಿಜವಾಗಿದೆ. ಸಂಜೆ ಹುರುಳಿ ಆರಿಸುತ್ತಿದ್ದೆ, ಬಂದು ಎದುರಿಗೆ ಕೂತು ಅವರೂ ಆರಿಸಿದರು. ಕಲ್ಲುಗಳನ್ನೆಲ್ಲ ಒಳ್ಳೆ ಕಾಳಿಗೇ ಹಾಕಿದರು. ನಾನು ಏನೂ ಅನ್ನಲಿಲ್ಲ, ಅವರು ಎದ್ದ ಮೇಲೆ ಮತ್ತೆ ಆರಿಸಿದೆ.

ಜುಲೈ 22, ಮಂಗಳವಾರ

ಇವತ್ತು ಆಪರೇಷನ್. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತಾಯಿತು. ಅಮ್ಮ ಗೋಡೆಗೆ ಒರಗಿ ಗೊಣಗುತ್ತಾ ದೇವರಿಗೆ ಹರಕೆ ಹೊರುತ್ತಿದ್ದಾಳೆ. ಒಂದಾದ ಮೇಲೊಂದು ಹೊತ್ತು ಹೊತ್ತು ಯಾವುದು ಯಾವ ದೇವರಿಗೆ ಅನ್ನುವುದೇ ಅವಳಿಗೆ ಮರೆತುಹೋಗಿದೆ.

ಸಹಿ ಮಾಡಿದ್ದು ನಾನು. ಮಂಚ ತಳ್ಳಿಕೊಂಡು ಹೋಗುವಾಗ ಅವರು ಏನೋ ಹೇಳಲು ಬಂದರು, ಬಾಗಿಲು ಮುಚ್ಚಿತು. ಏನು ಹೇಳುತ್ತಿದ್ದರು? ಬರೀ ನೀರು ಕೇಳಿದ್ದಿರಬಹುದು. ಹಾಗೇ ಇರಲಿ, ನೀರೇ ಇರಲಿ. ಎದ್ದು ಬಂದು ಸಾರಿಗೆ ಉಪ್ಪಿಲ್ಲ ಅಂದರೂ ಸಾಕು, ಏನಾದರೊಂದು ಹೇಳಲಿ. ನನಗೆ ಅವರು ಬೇಕು. ಚಿಕ್ಕವಳಾಗಿದ್ದಾಗಿಂದ ಬೇಕು, ಇವತ್ತೂ ಬೇಕು.

ಡಾಕ್ಟರು ಹೊರಗೆ ಬರುತ್ತಿದ್ದಾರೆ.

ಜುಲೈ 24, ಗುರುವಾರ

ಇವತ್ತು ಬಾಯಿಂದ ಪೈಪು ತೆಗೆದರು. ಆಪರೇಷನ್ ಚೆನ್ನಾಗಿ ಆಗಿದೆ, ಇನ್ನು ಭಯವಿಲ್ಲ ಅಂತ ಡಾಕ್ಟರು ಇವತ್ತೂ ಹೇಳಿದರು. ಸಂಜೆ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತೇವೆ ಅಂದರು.

ಅಮ್ಮ ಆಗಲೇ ಸೆರಗು ಸರಿಮಾಡಿಕೊಂಡು ನಿಂತಿದ್ದಳು. “ನಾನೋಗಿ ನೋಡ್ಕಂಬತ್ತೀನಿ, ನೀನ್ ಚೀಲ ನೋಡ್ಕೊ.”

“ಚೀಲ ನೀನ್ ನೋಡ್ಕೊಳಮ್ಮ. ನಾನೋಗ್ತೀನಿ.”

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೂತಳು. ಪಾಪ, ಅವಳೇ ಎತ್ತಿ ಆಡಿಸಿದ ತಮ್ಮ. ನಾಳೆ ಅವಳನ್ನು ಬಿಡಬೇಕು.

ಒಳಗೆ ನೀಲಿ ಗೌನು ಹಾಕಿಸಿದರು, ಕೈ ತೊಳೆಸಿದರು. ಎದೆಯ ಉದ್ದಕ್ಕೂ ಪಟ್ಟಿ, ಎಲ್ಲ ಕಡೆ ವೈರು. ಇಷ್ಟು ಸಣ್ಣವರಾಗಿ ನಮ್ಮವರನ್ನು ನಾನು ಯಾವತ್ತೂ ನೋಡಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು.

“ಅಕ್ಕ?” ಅಂದರು.

ಇಷ್ಟೆಲ್ಲ ಆದ ಮೇಲೂ ಮೊದಲ ಮಾತು ಅಕ್ಕ. ನೋವಾಯಿತು, ಸುಳ್ಳು ಯಾಕೆ ಬರೆಯಲಿ.

“ಆಚೆ ಕುಂತವ್ಳೆ. ಒಬ್ರುನ್ನೇ ಬುಡೋದಂತೆ. ಕಳಿಸ್ತೀನಿ ಇರು,” ಅಂತ ಎದ್ದೆ.

ಏಳಲು ಆಗಲಿಲ್ಲ. ಗೌನಿನ ಅಂಚು ಮಂಚದ ಕಂಬಿಗೆ ಸಿಕ್ಕಿಕೊಂಡಿದೆ ಅಂದುಕೊಂಡು ಬಗ್ಗಿ ನೋಡಿದೆ. ಸಿಕ್ಕಿಕೊಂಡಿರಲಿಲ್ಲ. ಸೂಜಿ ಚುಚ್ಚಿದ ಕೈಯಲ್ಲೇ ಅವರು ಅದನ್ನು ಹಿಡಿದಿದ್ದರು.

“ಬ್ಯಾಡ,” ಅಂದರು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ, ನಡುವೆ ನಿಂತು ಮತ್ತೆ ಹೇಳಿದರು. “ನೀನಿರು.”

ನರ್ಸು ಬಂದು ಟೈಮಾಯಿತು ಅಂದಳು. ಎರಡನೇ ಸಲವೂ ಬಂದು ಹೇಳಿದಳು. ನಾನು ಕೂತೇ ಇದ್ದೆ.